ದೋಣಿ ಕಾಕಾ ಕಟ್ಟಿದ ಲಾರಿ

ಎಂಬತ್ತು ರೂಪಾಯಿ ಕೊಟ್ಟೆ. ಆಳಂದದ ಗುಜರಿ ಅಂಗಡಿಯವನು ನೂರೈವತ್ತು ಹೇಳಿದ್ದ. ‘ಉಳಿ ಮೊಂಡ ಆಗ್ಯದ, ಬೆಣ್ಣಿನೂ ಕೊಯ್ಯಂಗಿಲ್ಲ’ ಎಂದು ಇಳಿಸಿದೆ. ಅದು ಮೊಂಡಾದದ್ದಲ್ಲ, ಬೇಕೆಂದೇ ಮೊಂಡಾಗಿ ಮಾಡಿಸಿದ್ದು. ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹಿಡಿಕೆಯನ್ನು ಮೂಗಿನ ಹತ್ತಿರ ತಂದರೆ ಇನ್ನೂ ಡಾಂಬರಿನ ವಾಸನೆ. ಮುನ್ನೂರು ಕೇಳಿದ್ದರೂ ಕೊಡುತ್ತಿದ್ದೆ...

ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುಂಬುವ ಉಳಿ ಅದು. ಅಂಥದ್ದನ್ನು ನಾನು ಕಂಡದ್ದು ಒಬ್ಬರ ಕೈಯಲ್ಲಿ ಮಾತ್ರ. ಅವರನ್ನು ಎಲ್ಲರೂ ದೋಣಿ ಕಾಕಾ ಎನ್ನುತ್ತಿದ್ದರು.

ಅಫಜಲಪುರದ ಕಡೆ ಭೀಮಾ ದಂಡೆಯಲ್ಲಿ ಕಾಕಾ ದೋಣಿ ಕಟ್ಟುತ್ತಿದ್ದರು. ತೊಗರಿ ಚೀಲಗಳು ಹೊಳೆ ದಾಟುತ್ತಿದ್ದದ್ದು ಅವುಗಳಲ್ಲೇ. ಈ ದಂಡೆಗೊಂದು ದರ, ಆ ದಂಡೆಗೊಂದು ದರ. ಆ ಅಂತರದಲ್ಲೇ ನಾನು ವ್ಯಾಪಾರ ಕಲಿತೆ. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಸೇತುವೆಯಾಯಿತು; ನಮ್ಮ ಕಡೆ ಅದಕ್ಕೆ ಪೂಲ್ ಎನ್ನುತ್ತಾರೆ. ಎರಡೂ ಕಡೆ ದರ ಒಂದೇ ಆಯಿತು. ದೋಣಿಗಳು ದಂಡೆಯ ಮೇಲೆ ಬೋರಲು ಬಿದ್ದವು.

ಇನ್ನು ಲಾರಿಯೇ ಗತಿ ಎಂದುಕೊಂಡು, ಇದ್ದದ್ದನ್ನೆಲ್ಲ ಹಾಕಿ ಹಳೆಯದೊಂದರ ಚಾಸಿ ಕೊಂಡೆ. ಬಾಡಿ ಕಟ್ಟಿಸಲು ಸೊಲ್ಲಾಪುರದವರು ಹೇಳಿದ ದರ ನನ್ನಿಂದಾಗುವಂಥದ್ದಲ್ಲ. ಕಾಕಾಗೋ ಕೆಲಸವಿರಲಿಲ್ಲ. ಇಬ್ಬರ ಗರಜೂ ಕೂಡಿತು.

ಆಳಂದದ ರಸ್ತೆ ಬದಿಯ ಬೇವಿನ ಮರದಡಿ ಕಾಕಾ ಬಾಡಿ ಕಟ್ಟಿದರು. ಒಂದೊಂದು ಸಂದಿಗೂ ಎಣ್ಣೆಯಲ್ಲಿ ನೆನೆಸಿದ ಹತ್ತಿ ಬಡಿದು, ಮೇಲೆ ಡಾಂಬರು ಎಳೆದರು.

‘ಕಾಕಾ, ಇದು ಲಾರಿ ಅದರಿ. ಹೊಳ್ಯಾಗ ಬಿಡೂದಿಲ್ಲ.’

‘ಸಂದಿ ಬಿಟ್ಟು ಕಟ್ಟೂದು ನನ್ನ ಕೈಗಿ ಬರಂಗಿಲ್ಲೋ ತಮ್ಮ.’

ಮೊದಲ ಮಳೆ ಖಜೂರಿಯಲ್ಲಿ ಹಿಡಿಯಿತು. ರಾಜ್ಯದ ಗಡಿಯ ಚೆಕ್‌ಪೋಸ್ಟಿನ ಸಾಲಿನಲ್ಲಿ ಖಾಲಿ ನಿಂತಿದ್ದೆವು. ಬೇರೆ ಲಾರಿಗಳ ನೀರು ಸಂದಿಯಿಂದ ಇಳಿದುಹೋಯಿತು. ನನ್ನದರಲ್ಲಿ ಪಾದ ಮುಳುಗುವಷ್ಟು ನಿಂತಿತು. ಹಿಂದಿನ ಲಾರಿಯ ಡ್ರೈವರ್ ಇಣುಕಿ ನೋಡಿ, ‘ಏನ್ ಸಾವ್ಕಾರ, ಮೀನ ಸಾಕಾಕತ್ತೀಯೇನು?’ ಎಂದ. ಸಾಲೆಲ್ಲ ನಕ್ಕಿತು.

ಮರುದಿನ ಕಾಕಾಗೆ ಹತ್ತಿ ಕೀಳಲು ಹೇಳಿದೆ. ಸಿಟ್ಟಿನಲ್ಲಿ ಆಡಬಾರದ್ದನ್ನೂ ಆಡಿದೆ: ‘ಪೂಲ್ ಆಗಿದ್ದು ಊರಿಗೆಲ್ಲ ತಿಳೀತು, ನಿಮಗೊಬ್ಬರಿಗೆ ತಿಳೀಲಿಲ್ಲ ನೋಡ್ರಿ.’

ಅವರು ಉಳಿಗೆ ಅಂಟಿದ್ದ ಡಾಂಬರು ಒರೆಸಿದರು. ‘ಒಂದ್ ಖೇಪ್ ಮಾಲ್ ಹೊಡ್ಕೊಂಡು ಬಾ. ಆಮ್ಯಾಗ ನಾನೇ ಕೀಳ್ತೇನಿ.’

ತೊಗರಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋದೆ. ಹಮಾಲರ ಕೊಕ್ಕೆಗೆ ಚೀಲ ಹರಿಯುವುದು, ಕಾಳು ಹಲಗೆಯ ಸಂದಿಯಿಂದ ದಾರಿಯುದ್ದಕ್ಕೂ ಸೋರುವುದು, ತೂಕ ಕಮ್ಮಿಯೆಂದು ವ್ಯಾಪಾರಿ ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಎಲ್ಲ ಲಾರಿಗಳ ಪಾಡಾಗಿತ್ತು. ನನ್ನ ಲಾರಿಯಲ್ಲಿ ಚೀಲ ಇಳಿಸಿ ಕಸಬರಿಗೆ ಆಡಿಸಿದರೆ ಬುಟ್ಟಿ ತುಂಬ ತೊಗರಿ. ವ್ಯಾಪಾರಿಯ ಮುಂದೆ ಸುರಿದೆ. ಆತ ಹಲಗೆಯ ಮೇಲೆ ಬೆರಳಾಡಿಸಿ, ‘ಮುಂದಿನ ಖೇಪಿಗೂ ಇದೇ ಲಾರಿ ತರ್ರಿ’ ಎಂದ.

ತಿರುಗಿ ಬಂದಾಗ ಕಾಕಾ ಉಳಿ ಹಿಡಿದೇ ಕೂತಿದ್ದರು. ‘ಕೀಳ್ಲೇನು?’

‘ಬ್ಯಾಡ್ರಿ ಕಾಕಾ.’

ಅವರು ಉಳಿ ಕೆಳಗಿಟ್ಟರು. ಬಾಡಿಯ ತಳದ ನಾಲ್ಕು ಮೂಲೆಗೆ ತೂತು ಕೊರೆದು, ಒಂದೊಂದಕ್ಕೂ ಕಟ್ಟಿಗೆಯ ಬೆಣೆ ಹೊಡೆದರು. ‘ಮಳಿಗಿ ಬಿಚ್ಚು, ಮಾಲಿಗಿ ಮುಚ್ಚು,’ ಎಂದರು.

ಆಮೇಲೆ ಕಾಕಾನ ಕೈಯಲ್ಲಿ ಬಾಡಿ ಕಟ್ಟಿಸಲು ಜೇವರ್ಗಿಯಿಂದಲೂ ಲಾರಿಗಳು ಬಂದವು. ಹೊಳೆದಂಡೆಯಲ್ಲಿ ಕೆಲಸ ಕಳೆದುಕೊಂಡವರು ಒಬ್ಬೊಬ್ಬರಾಗಿ ಆ ಮರದಡಿ ಸೇರಿದರು. ಪಕ್ಕದಲ್ಲಿ ಕಮ್ಮಾರನ ಕುಲುಮೆ, ಪಂಕ್ಚರ್ ಅಂಗಡಿ, ಚಹಾದ ಅಂಗಡಿ... ಕಾಕಾ ಅದನ್ನೆಲ್ಲ ನೋಡಿಯೇ ಹೋದರು ಎಂಬುದು ನನಗೊಂದು ಸಮಾಧಾನ. ಅವರು ಹೋದ ದಿನ ನಾನು ಖೇಪಿನ ಮೇಲಿದ್ದೆ. ಪೂಲಿನ ಮಾತಿಗೆ ತಪ್ಪಾಯಿತು ಎನ್ನುವುದು ಹಾಗೆಯೇ ಉಳಿಯಿತು...

ಈ ಉಳಿ ಅವರದೇ ಎಂದು ಹೇಳಲಾರೆ. ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ನೀವು ಹಳೆಯ ಲಾರಿ ಕೊಳ್ಳುವುದಾದರೆ ಒಂದು ಮಾತು. ಇಂಜಿನ್ ಎಲ್ಲರೂ ನೋಡುತ್ತಾರೆ. ನೀವು ಕೆಳಗೆ ಮಲಗಿ ಹಲಗೆಯ ಸಂದಿ ನೋಡಿ. ಬೆಳಕು ಕಂಡರೆ ದರ ಇಳಿಸಿ. ಕಪ್ಪು ಡಾಂಬರಿನ ಗೆರೆ ಕಂಡರೆ ಮಾತ್ರ ಚೌಕಾಶಿ ಮಾಡಬೇಡಿ. ಕೇಳಿದಷ್ಟು ಕೊಟ್ಟು ಮನೆಗೆ ತನ್ನಿ.