ಗಾಜು ತಿರುಗಿದರೂ ಕದಲದ ಮೋಡ

ನೆಂಟರಿಷ್ಟರೆಲ್ಲ ಊರಿಗೆ ಮರಳಿದ್ದಾರೆ. ಗಂಡನ ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಗು. ಕೋಳಿ ಕೂಗುವ ಮುಂಚೆಯೇ ಅವಳು ವೀಕ್ಷಣಾಲಯದ ಗುಮ್ಮಟದಡಿ ನಿಂತಿದ್ದಾಳೆ. ಹೊರಡುವಾಗ ಅತ್ತೆ ತನ್ನ ಮಗನ ಸ್ವೆಟರನ್ನು ಅವಳ ಕೈಗಿತ್ತು ಹೇಳಿದ್ದು ಇಷ್ಟೇ: "ಮೂಲೆ ಹಿಡಿದು ಕೂತ್ರೆ ಮೂಲೆ ಬೆಚ್ಚಗಾಗುತ್ತೆ ಅಷ್ಟೇ. ಹೋಗಮ್ಮ."

ಅವಳ ಕೆಲಸ ಮೋಡ ಅಳೆಯುವುದು. ನಮ್ಮ ತಲೆಯ ಮೇಲಿನದ್ದಲ್ಲ, ನೆಪ್ಚೂನ್ ಗ್ರಹದ್ದು. ಅವಳು ಗುರುತಿಸಿದ ಬಿರುಗಾಳಿಗಳ ಬಗ್ಗೆ ಪ್ರಬಂಧಗಳು ಬರುತ್ತವೆ. ಅವುಗಳಲ್ಲಿ ಅವಳ ಹೆಸರು ಹುಡುಕಬೇಕು. ದೂರದರ್ಶಕ ನಡೆಸುತ್ತಿದ್ದವನು ಅವಳ ಗಂಡ.

ಆ ಗ್ರಹದ ಮೀಥೇನ್ ಅನಿಲ ಒಂದು ಬಗೆಯ ಕೆಂಬೆಳಕನ್ನು ನುಂಗಿಬಿಡುತ್ತದೆ. ದೂರದರ್ಶಕಕ್ಕೆ ಆ ಬೆಳಕನ್ನಷ್ಟೇ ಒಳಬಿಡುವ ಗಾಜು ಹಾಕಿದರೆ ಗ್ರಹ ಇದ್ದಿಲಿನಂತೆ ಕಪ್ಪು. ಅನಿಲದಿಂದ ಮೇಲಕ್ಕೆ ತಲೆಯೆತ್ತಿದ ಹಿಮದ ಮೋಡ ಮಾತ್ರ ಬೆಳ್ಳಗೆ ಹೊಳೆಯುತ್ತದೆ. "ಮೋಡ ಅಂದ್ರೆ ಹೊಗೆ ಇದ್ದ ಹಾಗೆ," ಎನ್ನುತ್ತಾಳೆ ಅವಳು. "ಕೆಳಗೆಲ್ಲೋ ಒಲೆ ಉರೀತಿದೆ. ಅಲ್ಲಿ ದೊಡ್ಡ ಸುಳಿಯೊಂದು ಗಾಳೀನ ಮೇಲಕ್ಕೆ ದಬ್ತಿರುತ್ತೆ."

ಗಂಡ ಕೊನೆಯದಾಗಿ ಕಂಡದ್ದು ಅಂಥದೊಂದು ಮೋಡ. ಹಿರಿಯ ವಿಜ್ಞಾನಿ ಅದನ್ನು ಗಾಜಿನ ಮೇಲಿನ ಧೂಳೆಂದು ತಳ್ಳಿಹಾಕಿದ್ದರು. ಅವನ ಕೊನೆಯ ನೋಟ ಧೂಳಾಗಿ ಉಳಿಯುವುದು ಅವಳಿಗೆ ಬೇಡ. ಆದರೆ ಗಾಜು ಅವನು ಅಂಗಡಿಯೊಂದರಿಂದ ಎರವಲು ತಂದದ್ದು. ಇವತ್ತು ಹಿಂದಿರುಗಿಸುವೆನೆಂದು ಮಾತು ಕೊಟ್ಟಾಗಿದೆ.

ಅವಳು ಒಂದು ಚಿತ್ರ ತೆಗೆಯುತ್ತಾಳೆ. ಚೌಕಟ್ಟಿನ ಉಂಗುರ ಸಡಿಲಿಸಿ ಗಾಜನ್ನು ಕಾಲುಸುತ್ತು ತಿರುಗಿಸಿ ಇನ್ನೊಂದು. ಧೂಳಾದರೆ ಗಾಜಿನ ಜೊತೆಗೇ ತಿರುಗಬೇಕು.

ತಿರುಗಿಲ್ಲ. ಬಿಳಿ ಚುಕ್ಕೆ ಗ್ರಹದ ದಕ್ಷಿಣ ಅಂಚಿನಲ್ಲಿ ಇದ್ದಲ್ಲೇ ಇದೆ.

ವಿಜ್ಞಾನಿ ಎರಡೂ ಚಿತ್ರಗಳನ್ನು ನೋಡಿ ಕನ್ನಡಕ ತೆಗೆದು ಎತ್ತಿ ಹಿಡಿಯುತ್ತಾರೆ. "ಧೂಳು ಇದ್ದದ್ದು ಇದರ ಮೇಲೆ. ಮೋಡಾನ ಪ್ರಬಂಧಕ್ಕೆ ಸೇರಿಸಮ್ಮ. ಅವನ ಹೆಸರೂ ಹಾಕು, ನಿನ್ನದೂ."

ಬಿಸಿಲೇರುವ ಹೊತ್ತಿಗೆ ಅವಳು ಗಾಜು ಮಾಡುವ ಅಜ್ಜನ ಅಂಗಡಿಯಲ್ಲಿದ್ದಾಳೆ. ಬೆಂಚಿನ ಮೇಲೆಲ್ಲ ಉಜ್ಜಿದ ಗಾಜಿನ ಬಿಳಿ ಹುಡಿ.

"ಒಂದು ವಾರ ಅಂತ ಒಯ್ದ, ಎರಡು ವರ್ಷ ಇಟ್ಕೊಂಡ," ಎನ್ನುತ್ತಾನೆ ಅಜ್ಜ. "ಯಾವ ಗ್ರಹದ ವಾರ ಅಂತ ನಾನೇ ಕೇಳ್ಬೇಕಿತ್ತು."

ಅವಳಿಗೆ ನಗು ಬರುತ್ತದೆ. ಬಂದದ್ದು ಅವಳಿಗೇ ಆಶ್ಚರ್ಯ.

ಅಜ್ಜ ದನಿ ತಗ್ಗಿಸುತ್ತಾನೆ. "ನನ್ನ ಗಾಜಲ್ಲಿ ಕಲೆ ಇದೆ ಅಂದ್ರಂತೆ?"

"ಕಲೆ ಇಲ್ಲ ಅಜ್ಜ, ಮೋಡಾನೇ," ಎಂದು ಅವಳು ಗಾಜನ್ನು ಅವನ ಅಂಗೈಯಲ್ಲಿಡುತ್ತಾಳೆ. "ನಮ್ಮವರು ಸರಿಯಾಗೇ ನೋಡಿದ್ರು."