ಊರೆಲ್ಲ ಒತ್ತಿ ನೋಡಿದ ಗಂಟು

ಅಂಗಿಯ ಕೊರಳಗುಂಡಿಯಷ್ಟು ನಿರುಪಯೋಗಿ ಪದಾರ್ಥ ಜಗತ್ತಿನಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಬಹುಕಾಲದ ಸಿದ್ಧಾಂತ. ಎಂಬತ್ತರ ದಶಕದ ಒಂದು ಬೆಳಿಗ್ಗೆ, ಶಿರಹಟ್ಟಿಯ ಮದುವೆಗೆ ಹೊರಟಾಗ, ಎಷ್ಟು ಹೆಣಗಿದರೂ ಅದು ಕೂಡಲಿಲ್ಲ. ಅಂಗಿ ಹೊಲಿದವನನ್ನು ಮನಸಾರೆ ಬೈದು ಕನ್ನಡಿ ನೋಡಿದರೆ, ಅಪರಾಧಿ ನನ್ನ ಕೊರಳಲ್ಲೇ ಬೋರೆಹಣ್ಣಿನ ಗಾತ್ರದಲ್ಲಿ ಕುಳಿತಿತ್ತು.

ನಮ್ಮ ಗದಗ-ಬೆಟಗೇರಿಯಲ್ಲಿ ರೋಗವೆಂಬುದು ಖಾಸಗಿ ಆಸ್ತಿಯಲ್ಲ. ಮದುವೆಯಲ್ಲಿ ವಧೂವರರಿಗಿಂತ ಹೆಚ್ಚು ಜನ ನನ್ನ ಗಂಟನ್ನು ನೋಡಿದರು, ನೋಡಿದವರೆಲ್ಲ ಒತ್ತಿದರು, ಒತ್ತಿದವರೆಲ್ಲ ತೀರ್ಪು ಕೊಟ್ಟರು. ಲಕ್ಷ್ಮೇಶ್ವರದ ಸೋದರಮಾವ, "ವಾಯು ಐತಿ, ಬಿಡಲೇ" ಎಂದ. ಪಕ್ಕದ ಮನೆಯ ಹುಸೇನಸಾಬರು, "ಖರೆ ಹೇಳ್ತೀನ್ರಿ, ಇದು ಉಷ್ಣದ್ದು" ಎಂದರು. ಮುಟ್ಟದೆ ದೂರ ನಿಂತವಳು ನನ್ನ ಹೆಂಡತಿ ಒಬ್ಬಳೇ. ಅಸಹ್ಯವಿರಬೇಕೆಂದು ನನಗೆ ಒಳಗೊಳಗೇ ಸಿಟ್ಟೂ ಬಂದಿತ್ತು.

ಆಗಷ್ಟೇ ಹುಬ್ಬಳ್ಳಿಗೆ ಸ್ಕ್ಯಾನಿಂಗ್ ಯಂತ್ರ ಬಂದಿತ್ತು. ಕೊರಳಿಗೆ ತಣ್ಣನೆಯ ಅಂಟು ಸವರಿ ಚಿತ್ರ ತೆಗೆದ ಡಾಕ್ಟರು, "ಒಳಗ ನೀರಿಲ್ರಿ, ಗಟ್ಟಿ ಗಂಟೈತಿ. ಕ್ಯಾನ್ಸರ್ ಹೌದೋ ಅಲ್ಲೋ ಅನ್ನೂದು ಈ ಚಿತ್ರದಾಗ ತಿಳಿಯಂಗಿಲ್ಲ. ಸೂಜಿ ಹಾಕಿ ಚೂರು ತಗದು ನೋಡಬೇಕು" ಎಂದರು. ಇಷ್ಟು ಖರ್ಚಿನ ಯಂತ್ರ 'ತಿಳಿಯಂಗಿಲ್ಲ' ಎನ್ನುವುದೆಂದರೇನು! ನಮ್ಮೂರಿನವರಿಗೆ ಅಂಥ ವಿನಯದ ರೋಗವಿಲ್ಲ. ಬೂದುಬಣ್ಣದ ಆ ಚಿತ್ರವನ್ನು ಹತ್ತಿ ಮಾರ್ಕೆಟ್ಟಿನ ಮಹನೀಯರು ಬಿಸಿಲಿಗೆ ಹಿಡಿದು, ತಿರುವುಮುರುವಾಗಿಯೂ ಹಿಡಿದು, ಕ್ಯಾನ್ಸರೇ ಎಂದು ಏಕಕಂಠದಿಂದ ಸಾರಿದರು. ಮುಂಡರಗಿಯ ಬೀಗರು ನನ್ನನ್ನು ಕಡೆಯ ಸಲ ನೋಡಲು ಬಂದು, ಎರಡು ಹೊತ್ತು ಉಂಡು ಹೋದರು. "ಸೂಜಿ ತಾಗಿದ್ರ ಮೈತುಂಬ ಹರಡತೈತಿ" ಎಂದು ಮಾವ ಆಣೆ ಹಾಕಿಸಿದ. ನನಗೂ ಸಾವಿನ ಭಯ. ಸೂಜಿಗೆ ಒಲ್ಲೆನೆಂದು ಕುಳಿತೆ.

ನಾನು ಹತ್ತಿ ದಲಾಲಿ. ಹತ್ತಿ ತುಂಬಿದ ಚೀಲ, ಅಂದರೆ ಅಂಡಿಗೆಯ ಹೊಟ್ಟೆಗೆ ಕೈ ಹಾಕಿ, ಹಿಡಿ ಅರಳೆ ಎಳೆದು ನೋಡದೆ ದರ ಹೇಳುವವನನ್ನು ನಾವು ಮನುಷ್ಯರ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಒಂದು ದಿನ ಹೊಸ ವ್ಯಾಪಾರಿಯೊಬ್ಬ ಹರ್ತಿಯ ರೈತನ ಅಂಡಿಗೆಯನ್ನು ಮೇಲಿಂದಲೇ ತಟ್ಟಿ ದರ ಕೂಗಿದ. "ಏ ತಮ್ಮಾ, ಮ್ಯಾಲಿಂದ ನೋಡಿದ್ರ ಒಳಗಿಂದು ಹೆಂಗ ತಿಳೀತೈತೋ?" ಎಂದು ಗದರಿಸಿದೆ. ಗದರಿಸಿದ ಬಾಯಿ ಮುಚ್ಚುವ ಮೊದಲೇ ಕೈ ನನ್ನ ಕೊರಳಿಗೆ ಹೋಗಿತ್ತು. ಮರುದಿನವೇ ಮಾವನಿಗೆ ತಿಳಿಸದೆ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಸೂಜಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇರಲಿಲ್ಲ; ಗಂಟು ಇದ್ದಲ್ಲೇ ಇರಲಿ ಎಂದರು ಡಾಕ್ಟರು. ಊರಿಗೆ ತುಸು ನಿರಾಶೆಯಾಯಿತು. ಮಾವ ಮಾತ್ರ, "ನಾ ಮೊದಲಽ ಹೇಳಿದ್ನಲ್ಲ, ವಾಯು" ಎಂದ.

ಮುಂದಿನ ಮದುವೆಗೆ ಹೊರಟಾಗಲೂ ಗುಂಡಿ ಕೂಡಲಿಲ್ಲ. ಹೆಂಡತಿ ಹತ್ತಿರ ಬಂದು, ಗುಂಡಿ ಹಾಕುವ ನೆಪದಲ್ಲಿ, ಮೊದಲ ಸಲ ಆ ಗಂಟಿನ ಮೇಲೆ ಬೆರಳಿಟ್ಟಳು. "ಇಷ್ಟು ದಿನ ಮುಟ್ಟಾಕ ಧೈರ್ಯ ಆಗಿದ್ದಿಲ್ರಿ" ಎಂದಳು. ಗುಂಡಿ ಕೂಡುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು; ಆದರೂ ಬಹಳ ಹೊತ್ತು ಅವಳು ಹಾಕುತ್ತಲೇ ಇದ್ದಳು, ನಾನು ಕತ್ತೆತ್ತಿ ನಿಂತೇ ಇದ್ದೆ.