ಮೊದಲು ಸೋಸಬೇಕು

ನಮ್ಮೂರು ಸಂಖದಲ್ಲಿ ಪಕ್ಕದ ಮನೆಯವರಾಗಿದ್ದ ಕಾಕಾ ಮುಂಬೈಯ ಒಂದು ಕಂಪನಿಯಲ್ಲಿ ದೊಡ್ಡ ಕಂಪ್ಯೂಟರ್ ತಂಪಾಗಿಡುವ ನೀರು ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಕ್ರಿಮಿ, ಪಾಚಿ ಬೆಳೆಯದಂತೆ ನೇರಳಾತೀತ ದೀಪ ಹಚ್ಚುವುದು ಅವರ ಕೆಲಸ. ಎಪ್ಪತ್ತರ ದಶಕದ ಒಂದು ರಜೆಗೆ ಅಂಥದೊಂದು ಹಳೆಯ ದೀಪ ಊರಿಗೆ ತಂದಿದ್ದರು.

ಯಾರು ಜಗಳದ ಸುದ್ದಿ ತಂದರೂ ಅವರು "ಮೊದ್ಲ ಸೋಸು" ಎನ್ನುತ್ತಿದ್ದರು.

ಅವ್ವನಿಗೆ ವಾಂತಿಭೇದಿ ಹತ್ತಿದಾಗ ನಾನು ಬಾವಿ ನೀರಿನ ಕೊಡ ಹೊತ್ತು ಅವರಲ್ಲಿಗೆ ಓಡಿದೆ.

"ಕಾಕಾ, ಲಗೂನ ದೀಪ ಹಿಡೀರಿ."

ಅವರು ಕೊಡದೊಳಗೆ ಇಣುಕಿದರು. "ಇಷ್ಟು ಕಲ್ತಿದಿ ತಮ್ಮಾ, ರಾಡಿ ಕಾಣಲಿಲ್ಲೇನು? ರಾಡ್ಯಾಗ ಆ ಬೆಳಕು ಇಳಿಯೂದಿಲ್ಲ. ಮೊದ್ಲ ಸೋಸು."

ಒಗೆದ ಧೋತರವನ್ನು ನಾಲ್ಕು ಮಡಿಕೆ ಮಾಡಿ, ನೀರು ತಿಳಿಯಾಗುವವರೆಗೆ ತಾವೇ ಸೋಸಿದರು. ನಾಲ್ಕು ದಿನದಲ್ಲಿ ಅವ್ವ ಎದ್ದು ಕೂತಳು.

ಆಮೇಲೆ ದೀಪ ಹಚ್ಚಿದರೋ, ನೀರು ಕಾಯಿಸಿದರೋ? ಆಗ ನಮ್ಮ ಓಣಿಗೆ ಕರೆಂಟು ಬಂದಿತ್ತೇ? ನನ್ನ ನೆನಪನ್ನು ನಾನು ನಂಬಲಾರೆ. ಧೋತರದ ಮೇಲೆ ಉಳಿದ ರಾಡಿಯನ್ನು ಮಾತ್ರ ನಾನು ಕಂಡಿದ್ದೇನೆ.